ಎಂಟು, ಹದಿನಾರು ಯಾರು?

ತಾಪತ್ರಯ ಶುರುವಾದದ್ದು ಒಂದು ನಂಬರಿನಿಂದ.

ಸ್ಟುಡಿಯೋದ ಎಡಿಟಿಂಗ್ ರೂಮಿನ ಮುದಿ ಕಂಪ್ಯೂಟರು ಬೆಳಿಗ್ಗೆ ಕಣ್ಣು ಬಿಟ್ಟ ಹಾಗೇ ಕೆಂಪು ಅಕ್ಷರದಲ್ಲಿ ‘ಡಿವೈಸ್ 8, 16 ಭರ್ತಿಯಾಗಿದೆ, ಜಾಗವಿಲ್ಲ’ ಎಂದು ಬಾಯಿ ಬಡಿದುಕೊಂಡಿತು. ಜಾಗವಿಲ್ಲ ಸರಿ, ಆದರೆ ಯಾವ ಡಿಸ್ಕಿನಲ್ಲಿ ಇಲ್ಲ? ಅದನ್ನು ಮಾತ್ರ ಹೇಳದು. ಹೆಸರುಗಳೆಂದರೆ ಅದಕ್ಕೆ ಅಲರ್ಜಿ. ಹಳೇ ಕಾಲದ ಜೈಲರ್ ಹಾಗೆ ಎಲ್ಲರನ್ನೂ ನಂಬರ್ ಹಿಡಿದೇ ಕರೆಯುತ್ತಿತ್ತು.

“ಯಾವನಪ್ಪಾ ಇವ್ನು ಎಂಟು ಹದಿನಾರು? ತಾಕತ್ತಿದ್ರೆ ಹೆಸರು ಹೇಳ್ಕೊಂಡು ಎದುರಿಗೆ ಬರ್ಲಿ!” ಎಂದು ಎಡಿಟರ್ ಮೇಜು ಗುದ್ದಿದ. ಎಡಿಟರ್‌ನನ್ನು ಎಲ್ಲರೂ ಕತ್ರಿ ಎನ್ನುತ್ತಿದ್ದರು. ಸಿನಿಮಾ ಕತ್ತರಿಸುತ್ತಾನೆಂದಲ್ಲ, ಎದುರಿಗಿದ್ದವರ ಮಾತನ್ನು ಅರ್ಧಕ್ಕೇ ಕತ್ತರಿಸುತ್ತಾನೆಂದು.

“ಅಣ್ಣಾ, ಅದಕ್ಕೇ ನಾನೊಂದು ಪ್ರೋ...”

“ನೀನು ಸುಮ್ನಿರು ವಾರ್ನಿಂಗ್.”

ವಾರ್ನಿಂಗ್ ಸುಮ್ಮನಾದ. ಸ್ಟುಡಿಯೋದ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಹುಡುಗ ಇವನೇ. ಈ ಅಡ್ಡಹೆಸರು ಬಂದ ಕತೆ ಹೀಗೆ: ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದರೆ ಕಂಪ್ಯೂಟರು ಎರಡು ಥರ ಬೈಯುತ್ತದೆ. ‘ಎರರ್’ ಎಂದು ಬೈದರೆ ಕೆಲಸ ಅಲ್ಲೇ ನಿಲ್ಲುತ್ತದೆ. ‘ವಾರ್ನಿಂಗ್’ ಎಂದು ಬೈದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಲಸ ತನ್ನ ಪಾಡಿಗೆ ನಡೆಯುತ್ತದೆ. ಇವನು ಬಾಯಿ ಬಿಟ್ಟಾಗಲೆಲ್ಲ ಸ್ಟುಡಿಯೋದಲ್ಲಿ ಆಗುತ್ತಿದ್ದದ್ದು ಅದೇ.

ಆದರೆ ಇವತ್ತು ವಾರ್ನಿಂಗ್ ಬಿಡಲಿಲ್ಲ. ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡು ಟಪಟಪ ಕುಟ್ಟಿದ. ಪರದೆಯ ಮೇಲೆ ಮೂಡಿತು: ‘8, 16: ಕಸ’.

ಕತ್ರಿಯ ಬಾಯಿ ತೆರೆದದ್ದು ತೆರೆದೇ ಉಳಿಯಿತು. “ಇದೇನೋ ಇದು?”

“ಪ್ರೋಗ್ರಾಂ ಅಣ್ಣಾ. ನಾನೇ ಬರ್ದಿದ್ದು. ನಂಬರ್ ಕೊಟ್ರೆ ಹೆಸರು ಹೇಳುತ್ತೆ.”

ಬಾಗಿಲಲ್ಲಿ ನಿಂತು ಬ್ರಷ್ಷಿನ ಪೌಡರ್ ಕೊಡವುತ್ತಿದ್ದ ಮೇಕಪ್ ಆಂಟಿ ಒಳಗೆ ಬಂದಳು. ಯಾರ ಮುಖಕ್ಕೂ ಕೆಲಸವಿಲ್ಲದಾಗ ಎಲ್ಲರ ಕೆಲಸಕ್ಕೂ ಮುಖ ಹಾಕುವುದು ಅವಳ ಪದ್ಧತಿ. “ನಂಬರ್ ಕೊಟ್ರೆ ಹೆಸರು ಹೇಳೋದಾ? ಅದನ್ನ ನಮ್ ಬೀದಿ ಪೋಸ್ಟ್‌ಮ್ಯಾನ್ ಕಣ್ಮುಚ್ಚಿ ಹೇಳ್ತಾನೆ. ಅದಕ್ಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?”

“ಆಂಟಿ, ಇದು ಬೇರೆ. ನೋಡಿ, ಮೊದಲನೇ ನಂಬರು ಮನೆತನ. ಎಂಟು ಅಂದ್ರೆ ಡಿಸ್ಕುಗಳ ಮನೆತನ. ಎರಡನೇದು, ಆ ಮನೇಲಿ ಯಾವ ಮಗ ಅಂತ. ಕಂಪ್ಯೂಟರ್ ಒಳಗೆ ‘ಡೆವ್’ ಅಂತ ಒಂದು ಫೋಲ್ಡರ್ ಇದೆ, ಅಲ್ಲಿ ಎಲ್ಲಾರೂ ಹೆಸರು ಹಾಕ್ಕೊಂಡು ಕೂತಿರ್ತಾರೆ. ನನ್ ಪ್ರೋಗ್ರಾಂ ಒಬ್ಬೊಬ್ಬರ ಹತ್ರಾನೂ ಹೋಗಿ, ‘ನಿನ್ ನಂಬರ್ ಎಷ್ಟಪ್ಪಾ, ನಿನ್ ನಂಬರ್ ಎಷ್ಟಪ್ಪಾ’ ಅಂತ ಕೇಳುತ್ತೆ. ತಾಳೆ ಆದವನ ಹೆಸರು ಹಿಡ್ಕೊಂಡು ಬರುತ್ತೆ.”

“ಪಾಪ! ಪ್ರತಿ ಸಲಾನೂ ಮನೆ ಮನೆ ಸುತ್ತಬೇಕಾ ಅದು?”

“ಅಲ್ಲೇ ಇರೋದು ನೋಡಿ ನನ್ ತಲೆ!” ವಾರ್ನಿಂಗ್ ಹುಬ್ಬು ಕುಣಿಸಿದ. “ಬೆಳಿಗ್ಗೆ ಎದ್ದಾಗ ಒಂದೇ ಒಂದ್ಸಲ ಸುತ್ತುತ್ತೆ. ಎಲ್ಲಾ ನೆನಪಿಟ್ಕೊಳ್ಳುತ್ತೆ. ಆಮೇಲೆ ದಿನವಿಡೀ ಕೂತಲ್ಲೇ ಪಟ್ ಅಂತ ಉತ್ತರ. ವೇಗ ಅಂದ್ರೆ ವೇಗ!”

ಆಗ ಕಾರಿಡಾರಿನಿಂದ ಬೂಟಿನ ಸದ್ದು ಬಂತು. ಬಾಗಿಲು ಧಡಾರನೆ ತೆರೆದು ಗೋಡೆಗೆ ಹೊಡೆಯಿತು.

“ನಾನು ಬರೋ ತನಕ ಯಾವ ಬಾಗಿಲೂ ತೆರೆಯಲ್ಲ. ನಾನು ಬಂದ್ಮೇಲೆ ಯಾವ ಬಾಗಿಲೂ ಉಳಿಯಲ್ಲ!”

ಬಾಸ್. ಸ್ಟುಡಿಯೋದ ಯಜಮಾನರು. ಮಾತಾಡುವುದೇ ಹಾಗೆ, ಕುಡಿಯಲು ನೀರು ಕೇಳಿದರೂ ಹಿಂದೆ ಯಾರಾದರೂ ಡ್ರಮ್ ಬಾರಿಸಲಿ ಎನ್ನಿಸಬೇಕು. ಇಷ್ಟು ವರ್ಷ ಬೇರೆಯವರ ಜಾಹೀರಾತು ಮಾಡಿ ಬದುಕಿದ ಅವರು ಈಗ ಸ್ವಂತ ಸಿನಿಮಾ ಮುಗಿಸಿದ್ದರು. ಕತೆ ಅವರದೇ, ನಿರ್ದೇಶನ ಅವರದೇ. ಹೀರೋ ಅವರು, ಹೀರೋನ ಅಪ್ಪ ಅವರು, ಅಪ್ಪನನ್ನು ಕೊಂದ ವಿಲನ್ ಕೂಡ ಅವರೇ. ಕೊನೆಯ ಫೈಟಿನಲ್ಲಿ ಅವರು ಅವರನ್ನೇ ಕಟ್ಟಡದಿಂದ ಕೆಳಕ್ಕೆ ಎಸೆದು, ಕೆಳಗೆ ನಿಂತು ಅವರೇ ಹಿಡಿದುಕೊಳ್ಳುತ್ತಿದ್ದರು. ಸಾಯಂಕಾಲ ಅದರ ಮೊದಲ ಪ್ರದರ್ಶನ.

“ವಾರ್ನಿಂಗ್! ಕಸದ ಪೆಟ್ಟಿಗೆ ಖಾಲಿ ಆಗ್ಬೇಕು. ಇವತ್ತು ಸಿನಿಮಾ ನೋಡಿ ಹೊರಗೆ ಬಂದ ಜನ ಕಣ್ಣೀರು ಸುರಿಸ್ಕೊಂಡು ಮಾತಾಡ್ತಾರೆ. ಅದನ್ನ ಶೂಟ್ ಮಾಡಿ ತುಂಬೋಕೆ ಜಾಗ ಬೇಕು. ಮಧ್ಯಾಹ್ನದ ಒಳಗೆ ಅಳಿಸಿಡು. ಮಾಡಿದ್ರೆ, ಇವತ್ತು ಸ್ಟೇಜ್ ಮೇಲೆ ಅನೌನ್ಸ್ ಮಾಡ್ತೀನಿ: ನೀನು ಪರ್ಮನೆಂಟ್!”

ವಾರ್ನಿಂಗ್ ಎದೆಯಲ್ಲಿ ವಯೊಲಿನ್ ನುಡಿಯಿತು. ಪರ್ಮನೆಂಟ್ ಆದವರಿಗೆ ಸ್ಟುಡಿಯೋದ ಮಹಡಿಯ ರೂಮು ಸಿಗುತ್ತಿತ್ತು. ರೂಮಿನಲ್ಲಿ ಮಂಚವಿತ್ತು. ಕೆಲಸಕ್ಕೆ ಸೇರಿದಂದಿನಿಂದ ಅವನು ಮಲಗುತ್ತಿದ್ದದ್ದು ಅಕ್ಕನ ಮನೆಯ ಸೋಫಾದ ಮೇಲೆ. ಸೋಫಾ ಅವನಿಗಿಂತ ಗಿಡ್ಡ. ಕಾಲು ಚಾಚಿದರೆ ಟೀವಿಗೆ ತಾಗುತ್ತಿತ್ತು, ಮಡಿಚಿದರೆ ಭಾವನ ಬಾಯಿಗೆ ಸಿಗುತ್ತಿದ್ದ. “ಏನ್ ಭಾವಮೈದ, ಇವತ್ತೂ ಟೆಂಪರರಿನೇನಾ?” ಎಂದು ಭಾವ ದಿನವೂ ಹಲ್ಲುಜ್ಜುತ್ತಾ ಕೇಳುತ್ತಿದ್ದ.

ಎಡಿಟಿಂಗ್ ರೂಮಿನ ಕಪಾಟಿನಲ್ಲಿ ಮೂರು ಡಿಸ್ಕ್ ಪೆಟ್ಟಿಗೆಗಳಿದ್ದವು. ದೊಡ್ಡ ಕಪ್ಪು ಪೆಟ್ಟಿಗೆಯ ಹೆಸರು ‘ಸಿನಿಮಾ’. ಯಾರಾದರೂ ಕದ್ದಾರು ಎಂದು ಬಾಸ್ ಇನ್ನೊಂದು ಪ್ರತಿ ಮಾಡಿಸಿರಲಿಲ್ಲ. ಇಡೀ ಜಗತ್ತಿನಲ್ಲಿ ಅದೊಂದೇ. ಅದರ ಪಕ್ಕದ ಇನ್ನೊಂದು ಕಪ್ಪು ಪೆಟ್ಟಿಗೆ ‘ಕಸ’, ಬಾಸ್ ಡೈಲಾಗ್ ಮರೆತ, ಎಡವಿ ಬಿದ್ದ, ಸೀನಿದ ಶಾಟುಗಳ ಗೋದಾಮು. ಮೂಲೆಯಲ್ಲೊಂದು ಪುಟ್ಟ ಪೆಟ್ಟಿಗೆ, ವಾರ್ನಿಂಗ್‌ನದೇ. ಮುದಿ ಕಂಪ್ಯೂಟರಿನ ಅಳಿಸುವ ಸಾಫ್ಟ್‌ವೇರು ಇವ್ಯಾವ ಹೆಸರನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ‘ಅಳಿಸಬೇಕಾದ ಡಿವೈಸಿನ ನಂಬರ್?’ ಎಂದಷ್ಟೇ ಕೇಳುತ್ತಿತ್ತು.

ಬಾಸ್ ಹೊರಡುತ್ತಿದ್ದ ಹಾಗೇ ಕತ್ರಿಗೆ ಹಸಿವಾಯಿತು. ಕತ್ರಿಗೆ ಹಸಿವಾದರೆ ಜೊತೆಗೊಬ್ಬ ಬೇಕು. ವಾರ್ನಿಂಗ್‌ನನ್ನು ಕೈ ಹಿಡಿದು ಕ್ಯಾಂಟೀನಿಗೆ ಎಳೆದುಕೊಂಡು ಹೋದ. ಹೊಟ್ಟೆ ತುಂಬಿಸಿಕೊಂಡು ಬಂದ ವಾರ್ನಿಂಗ್ ಕುರ್ಚಿಯಲ್ಲಿ ಕೂತು, ಬೆರಳಿನ ನೆಟಿಗೆ ಮುರಿದ. ಕೆಲಸದಲ್ಲಿ ಎಚ್ಚರಿಕೆ ಮುಖ್ಯ ನೋಡಿ. ಬೆಳಿಗ್ಗೆಯಿಂದ ಓಡುತ್ತಲೇ ಇದ್ದ ತನ್ನ ಪ್ರೋಗ್ರಾಮಿಗೆ ಇನ್ನೊಮ್ಮೆ ಕೇಳಿದ: ಎಂಟು, ಹದಿನಾರು ಯಾರು?

‘ಕಸ’ ಎಂದಿತು ಅದು, ಪಟ್ ಅಂತ.

“ಕಸಕ್ಕೆ ಕೊನೆ, ನನಗೆ ಕೋಣೆ!” ಎಂದು ವಾರ್ನಿಂಗ್ ಗುಂಡಿ ಒತ್ತಿದ. ಪರದೆಯ ಮೇಲೆ ಹಸಿರು ಗೆರೆ ಆಮೆಯ ಹಾಗೆ ಹೊರಟು, ಮೊಲದ ಹಾಗೆ ಓಡಿ, ‘ಪೂರ್ತಿ ಅಳಿಸಲಾಗಿದೆ’ ಎಂದು ನಿಂತಿತು. ಇಷ್ಟು ಬೇಗ ಮುಗಿದೀತು ಎಂದು ಅವನೂ ಅಂದುಕೊಂಡಿರಲಿಲ್ಲ. ನನ್ನ ಅದೃಷ್ಟ ಎಂದುಕೊಂಡ.

ಸ್ವಲ್ಪ ಹೊತ್ತಿಗೆ ಬಾಸ್ ಬಂದು, ‘ಸಿನಿಮಾ’ ಪೆಟ್ಟಿಗೆಯ ವೈರು ಬಿಡಿಸಿ, ಹಸುಗೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಥಿಯೇಟರಿಗೆ ಹೊರಟುಹೋದರು. ಯಾಕೋ ಡೈಲಾಗ್ ಹೊಡೆಯಲಿಲ್ಲ. ಮುಖ ಕೂಡ ಸ್ವಲ್ಪ ಬಿಳಿಚಿತ್ತು. ಸ್ಟೇಜ್ ಭಯ ಇರಬೇಕು ಎಂದು ವಾರ್ನಿಂಗ್ ಅಂದುಕೊಂಡ.

ಆಮೇಲೆ ಕತ್ರಿ ಕಿರುಚಿದ.

“ಲೋ ವಾರ್ನಿಂಗ್! ಕಸ ಅಳಿಸ್ದೆ ಅಂದ್ಯಲ್ಲೋ? ಇಲ್ಲಿ ನೋಡು, ಬಾಸ್ ಇನ್ನೂ ಸೀನ್ತಾನೇ ಇದಾರೆ!”

ವಾರ್ನಿಂಗ್ ಓಡಿಹೋಗಿ ನೋಡಿದ. ಹೌದು. ಕಸದ ಪೆಟ್ಟಿಗೆಯ ಒಂದು ಶಾಟೂ ಅಲುಗಾಡಿರಲಿಲ್ಲ. ಪರದೆಯ ಮೇಲೆ ಬಾಸ್ ಪಿಸ್ತೂಲು ಹಿಡಿದು, “ನಿನ್ನ ಸಾವು... ಆ... ಆಕ್ಷೀ!” ಎನ್ನುತ್ತಿದ್ದರು.

“ಕಸ ಹಾಗೇ ಇದೆ ಅಂದ್ರೆ...” ವಾರ್ನಿಂಗ್ ಕತ್ರಿಯ ಮುಖ ನೋಡಿದ. “ನಾನು ಅಳಿಸಿದ್ದು ಯಾರನ್ನ?”

ತನ್ನ ಕುರ್ಚಿಯಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚುತ್ತಿದ್ದ ಮೇಕಪ್ ಆಂಟಿ ತಲೆ ಎತ್ತದೆಯೇ ಹೇಳಿದಳು: “ಕರೆಂಟ್ ಹೋಗಿದ್ದಕ್ಕೇನಾದ್ರೂ ಹಂಗಾಯ್ತಾ?”

“ಕರೆಂಟ್ ಯಾವಾಗ ಹೋಯ್ತು?”

“ಎಲ್ಲಿ ಹೋಗುತ್ತೆ? ನಾನೇ ತೆಗ್ದೆ. ನೀವಿಬ್ರೂ ತಿನ್ನೋಕೆ ಹೋಗಿದ್ರಲ್ಲ, ಆಗ. ವಿಗ್ ಒಣಗಿಸ್ಬೇಕಿತ್ತು, ಡ್ರೈಯರ್‌ಗೆ ಪ್ಲಗ್ ಇರ್ಲಿಲ್ಲ. ನಿನ್ ಮೂರು ಪೆಟ್ಟಿಗೇದೂ ಕಿತ್ತು, ಒಣಗಿಸ್ಕೊಂಡು, ಮತ್ತೆ ಹಾಕ್ದೆ. ಹೆಂಗಿತ್ತೋ ಹಂಗೇ ಹಾಕಿದೀನಪ್ಪಾ, ನಂಗೂ ಬುದ್ಧಿ ಇದೆ.”

ವಾರ್ನಿಂಗ್ ನೆಲದ ಮೇಲೆ ಕುಸಿದ. ಡಿಸ್ಕುಗಳಿಗೆ ನಂಬರ್ ಸಿಗುವುದು ಎದ್ದ ಕ್ರಮದಲ್ಲಿ. ಮೊದಲು ಎದ್ದವನಿಗೆ ಮೊದಲ ನಂಬರು, ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದ ಹಾಗೆ. ಕಿತ್ತು ಮತ್ತೆ ಹಾಕಿದಾಗ ಬೇರೆ ಯಾರೋ ಓಡಿಬಂದು ಎಂಟು ಹದಿನಾರರ ಸೀಟಿನಲ್ಲಿ ಕೂತಿದ್ದ. ಆದರೆ ಇವನ ಜಾಣ ಪ್ರೋಗ್ರಾಂ ಬೆಳಿಗ್ಗೆ ಒಂದೇ ಸಲ ಸುತ್ತಿ ನೆನಪಿಟ್ಟುಕೊಂಡದ್ದನ್ನೇ ಮಧ್ಯಾಹ್ನವೂ ಗಿಣಿಯ ಹಾಗೆ ಒದರಿತ್ತು. ಕಸ ಹೋಗಿಲ್ಲ. ಹಾಗಾದರೆ ಅದರ ಪಕ್ಕದಲ್ಲಿ ಕೂತಿದ್ದ ಕಪ್ಪು ಪೆಟ್ಟಿಗೆ...

“ಸಿನಿಮಾ!” ಎಂದು ವಾರ್ನಿಂಗ್ ಎದೆ ಹಿಡಿದುಕೊಂಡ. “ಅಣ್ಣಾ, ಸಿನಿಮಾ ಅಳಿಸ್ಬಿಟ್ಟೆ! ಬಾಸ್ ಖಾಲಿ ಪೆಟ್ಟಿಗೆ ಎತ್ಕೊಂಡು ಹೋಗಿದಾರೆ!”

ಕತ್ರಿ ನಿಧಾನವಾಗಿ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಕಣ್ಣಲ್ಲಿ ನೀರಿತ್ತು.

“ಪೂರ್ತಿನಾ?”

“ಪೂರ್ತಿ ಅಣ್ಣಾ.”

“ಫೈಟು? ಡ್ಯುಯೆಟ್ಟು? ಅವರಪ್ಪ ಸಾಯೋವಾಗ ಹಾಡೋ ಹಾಡು?”

“ಎಲ್ಲಾ.”

“ವಾಪಸ್ ತರೋಕೆ ಆಗುತ್ತಾ?”

“ಆಗಲ್ಲ ಅಣ್ಣಾ. ಸುಮ್ನೆ ಡಿಲೀಟ್ ಅಲ್ಲ. ಮೇಲಿಂದ ಕೆಳಗೆ ಸೊನ್ನೆ ಬಳಿದುಬಿಡುತ್ತೆ.”

ಕತ್ರಿ ಅವನನ್ನು ಬಾಚಿ ತಬ್ಬಿಕೊಂಡ. “ನನ್ ರಾಜ! ನನ್ ಬಂಗಾರ! ನನ್ ತಮ್ಮ!” ಎನ್ನುತ್ತಾ ಅವನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. “ಆ ಸಿನಿಮಾಗೆ ಎಡಿಟರ್ ಅಂತ ನನ್ ಹೆಸರು ಹಾಕಿದಾರೆ ಕಣೋ! ಮೊದಲನೇ ಶಾಟ್‌ನಲ್ಲೇ! ನಂಗಿನ್ನೂ ಮದುವೆ ಆಗಿಲ್ಲ! ಆ ಹೆಸರು ನೋಡಿದ್ಮೇಲೆ ಯಾವಳು ಒಪ್ತಾಳೆ?”

ಮೇಕಪ್ ಆಂಟಿ ಬಣ್ಣ ಹಚ್ಚುವುದನ್ನು ನಿಲ್ಲಿಸಿ ಕೈ ಮೇಲೆತ್ತಿದಳು. “ಅಬ್ಬಾ, ಬದುಕ್ಕೊಂಡೆ! ಅಪ್ಪನ ಗಡ್ಡ ಅರ್ಧ ಸೀನ್‌ಗೆ ಕಳಚಿಹೋಗಿತ್ತು, ನಾನು ಬಾಯಿ ಮುಚ್ಕೊಂಡಿದ್ದೆ. ನನ್ ಪ್ಲಗ್ ಕೆಲಸ ಎಷ್ಟು ಚೆನ್ನಾಗಾಯ್ತು ನೋಡು.”

“ನಿಮಗೆ ತಮಾಷೆ! ನನ್ ಕೆಲಸ ಹೋಗುತ್ತೆ ಆಂಟಿ!” ವಾರ್ನಿಂಗ್ ಅಳುವ ದನಿಯಲ್ಲಿ ಹೇಳಿದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಒಡಹುಟ್ಟಿದ ಅಕ್ಕ.

“ಲೋ, ನಿಮ್ ಭಾವ ಕೇಳ್ತಿದಾರೆ, ಸೋಫಾನ ರಿಪೇರಿಯವನಿಗೆ ಕೊಟ್ಟು ಕಳಿಸ್ಲಾ ಅಂತ. ಇವತ್ತು ನೀನು ಪರ್ಮನೆಂಟ್ ಆಗ್ತೀಯ ತಾನೇ? ರಾತ್ರಿ ಬರಲ್ಲ ತಾನೇ?”

“ಅಕ್ಕಾ... ಸೋಫಾ ಅಲ್ಲೇ ಇರ್ಲಿ.”

“ಯಾಕೋ?”

“ಅದ್ರ ಮೇಲೆ ಪ್ರೀತಿ ಬಂದ್ಬಿಟ್ಟಿದೆ ಅಕ್ಕಾ.” ಫೋನು ಇಟ್ಟ.

ಓಡಿಹೋಗಬೇಕೆನಿಸಿತು. ಆದರೆ ಎಲ್ಲಿಗೆ? ಓಡಿಹೋದರೂ ಮಲಗಲು ಬರಬೇಕಾದದ್ದು ಅದೇ ಸೋಫಾಕ್ಕೆ. ಸಭೆ ತುಂಬ ಜನ ಕೂತು, ದೀಪ ಆರಿ, ಪರದೆ ಬೆಳ್ಳಗೆ ಬೆಪ್ಪಾಗಿ ನಿಂತ ಮೇಲೆ ಸಿಕ್ಕಿಬೀಳುವುದಕ್ಕಿಂತ, ಮೊದಲೇ ಹೋಗಿ ಕಾಲಿಗೆ ಬೀಳುವುದು ಮೇಲು. “ಅಣ್ಣಾ, ನನ್ನ ಥಿಯೇಟರ್‌ಗೆ ಬಿಡಿ” ಎಂದ.

“ನೀನು ಹೇಳ್ದೆ ಇದ್ರೂ ನಾನು ಹೊರಟಿದ್ದೆ. ಇಂಥ ಕ್ಲೈಮ್ಯಾಕ್ಸ್ ಬಿಡೋಕಾಗುತ್ತಾ?” ಎಂದು ಕತ್ರಿ ಸ್ಕೂಟರ್ ಒದ್ದ. ಮೇಕಪ್ ಆಂಟಿ ಯಾರೂ ಕರೆಯದೆಯೇ ಹಿಂದೆ ಹತ್ತಿ ಕೂತಳು. ನಡುವೆ ವಾರ್ನಿಂಗ್, ಎರಡು ಬ್ರೆಡ್ಡಿನ ನಡುವಿನ ಬೆಣ್ಣೆಯ ಹಾಗೆ ಕರಗುತ್ತಾ ಕೂತಿದ್ದ. ದಾರಿಯುದ್ದಕ್ಕೂ ಕತ್ರಿ ಶಿಳ್ಳೆ ಹಾಕುತ್ತಿದ್ದ. ಆಂಟಿ ಮಾತ್ರ ಸಿಗ್ನಲ್ ಬಂದಾಗಲೆಲ್ಲ ವಾರ್ನಿಂಗ್ ಮುಖಕ್ಕೆ ಪೌಡರ್ ಒತ್ತುತ್ತಿದ್ದಳು. “ಬೈಸಿಕೊಳ್ಳೋ ಮುಖ ನೀಟಾಗಿರ್ಬೇಕು ಕಣೋ.”

ಥಿಯೇಟರಿನ ಮುಂದೆ ಹೂವಿನ ಕಮಾನು. ಬಾಸ್ ಮುಖದ ಪೋಸ್ಟರ್, ಮೂರು ಬಾಸುಗಳು ಒಬ್ಬರನ್ನೊಬ್ಬರು ಗುರಾಯಿಸುತ್ತಿದ್ದರು. ಒಳಗೆ ನೆಂಟರು, ನೆರೆಯವರು, ಹಳೇ ಗಿರಾಕಿಗಳು. ಬಾಗಿಲಲ್ಲಿ ನಿಂತು ಎಲ್ಲರನ್ನೂ ಬರಮಾಡಿಕೊಳ್ಳುತ್ತಿದ್ದವರು ಬಾಸ್ ಹೆಂಡತಿ. ಬೆಳಿಗ್ಗೆಯಿಂದ ನಕ್ಕು ನಕ್ಕು ಅವರ ಕೆನ್ನೆ ಬಿಗಿದುಹೋಗಿತ್ತು.

“ಮೇಡಂ, ಬಾಸ್ ಎಲ್ಲಿ? ಅರ್ಜೆಂಟ್. ಒಂದು ಅನಾಹುತ ಆಗಿದೆ.”

“ಒಳಗೆ ಅನಾಹುತ ಶುರು ಆಗೋಕೆ ಇನ್ನೂ ಟೈಮಿದೆಯಲ್ಲ ಮರೀ,” ಎಂದರು ಮೇಡಂ, ನಗು ಕೆಡದಂತೆ.

“ಅದೇ ಮೇಡಂ. ಅದು ಶುರು ಆಗಲ್ಲ. ಸಿನಿಮಾ ಅಳಿಸಿಹೋಗಿದೆ. ನನ್ನಿಂದ್ಲೇ.”

ಮೇಡಂ ಕೈಯಲ್ಲಿದ್ದ ಗುಲಾಬಿ ಕೆಳಗೆ ಬಿತ್ತು. ಅವರು ವಾರ್ನಿಂಗ್‌ನ ತೋಳು ಹಿಡಿದು ಕಂಬದ ಮರೆಗೆ ಎಳೆದುಕೊಂಡರು. “ನನ್ ಮೇಲೆ ಆಣೆ ಮಾಡಿ ಹೇಳು. ಒಂದು ಸೀನೂ ಉಳ್ದಿಲ್ವಾ?”

“ಇಲ್ಲ ಮೇಡಂ.”

“ಆ ಬಾಲ್ಕನಿ ಸೀನು? ನಾನು ಗೆಸ್ಟ್ ಆಗಿ ಬಂದು ಕಿರುಚೋದು?”

“ಅದೂ ಇಲ್ಲ ಮೇಡಂ.”

ಇಡೀ ದಿನದಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ನಿಜವಾದ ನಗು ಕಾಣಿಸಿತು. “ನಿಂಗೆ ಪುಣ್ಯ ಬರುತ್ತೆ ಕಣಪ್ಪ. ಒಳಗಿದಾರೆ, ಹೋಗಿ ಹೇಳು. ಏನಾದ್ರೂ ಎಸೆದ್ರೆ ಬಗ್ಗು.”

ಸ್ಟೇಜಿನ ಹಿಂದಿನ ಪುಟ್ಟ ರೂಮಿನಲ್ಲಿ ಬಾಸ್ ಒಬ್ಬರೇ ಕೂತಿದ್ದರು. ಕನ್ನಡಿಯ ಮುಂದೆ. ಕನ್ನಡಿಗೆ ಬೆನ್ನು ಹಾಕಿ. ವಾರ್ನಿಂಗ್ ಬಾಗಿಲು ಹಾಕಿಕೊಂಡು, ನೇರ ಹೋಗಿ ಕಾಲು ಹಿಡಿದುಕೊಂಡ.

“ಸಾರ್, ನನ್ನ ಕೊಂದುಬಿಡಿ ಸಾರ್!”

“ಸಮಯ ಬಂದಾಗ ಕೊಲ್ಲೋದು ನನ್ ಸ್ಟೈಲ್. ಏನ್ ವಿಷ್ಯ ಹೇಳು,” ಎಂದರು ಬಾಸ್. ಡೈಲಾಗಿನಲ್ಲಿ ಉಪ್ಪಿರಲಿಲ್ಲ, ಖಾರವೂ ಇರಲಿಲ್ಲ.

ವಾರ್ನಿಂಗ್ ಎಲ್ಲ ಹೇಳಿದ. ನಂಬರು, ಹೆಸರು, ಪ್ಲಗ್ಗು, ವಿಗ್ಗು, ಗಿಣಿಯಂಥ ಪ್ರೋಗ್ರಾಂ. ಹೇಳಿ ಮುಗಿಸಿ, ಕಣ್ಣು ಮುಚ್ಚಿ, ಕಪಾಳ ಮುಂದೆ ಮಾಡಿ ಕಾದ. ಏಟು ಬರಲಿಲ್ಲ. ಒಂದು ಕಣ್ಣು ತೆರೆದ. ಬಾಸ್ ಎದ್ದು ನಿಂತಿದ್ದರು.

“ನಿನ್ನೆ,” ಎಂದರು ಬಾಸ್ ಪಿಸುಮಾತಿನಲ್ಲಿ, “ನಿನ್ನೆ ನಾನೊಬ್ನೇ ಕೂತು ಪೂರ್ತಿ ನೋಡ್ದೆ ಕಣೋ. ಮೊದಲನೇ ಸಲ. ಶುರುವಿಂದ ಕೊನೇವರೆಗೂ. ಬೆಳಿಗ್ಗೆ ಹೊಡೆದ ಡೈಲಾಗೆಲ್ಲಾ ಬರೀ ಆಕ್ಟಿಂಗು.”

“ಹೆಂಗಿತ್ತು ಸಾರ್?”

“ನಿನ್ ಶತ್ರುಗೂ ತೋರಿಸ್ಬೇಡ.” ಬಾಸ್ ಅವನ ಎರಡೂ ಕೈ ಹಿಡಿದುಕೊಂಡರು. “ಅಪ್ಪ ಸತ್ತಾಗ ನನಗೇ ನಗು ಬಂತು. ನಿಲ್ಲಿಸೋಣ ಅಂದ್ರೆ ನಮ್ಮಮ್ಮ ಸಂಬಂಧಿಕರಿಗೆಲ್ಲಾ ಫೋನ್ ಮಾಡಿ ಕರ್ದುಬಿಟ್ಟಿದಾಳೆ. ನಾನೇ ಅಳಿಸಿದ್ರೆ ಹೇಡಿತನ. ನೀನು ಅಳಿಸಿದ್ರೆ ಆಕಸ್ಮಿಕ! ವಾರ್ನಿಂಗ್, ನೀನು ಅಳಿಸಿದ್ದು ಸಿನಿಮಾ ಅಲ್ಲ ಕಣೋ, ನನ್ ಅವಮಾನ!”

ಆ ಮನುಷ್ಯ ಉಸಿರು ಬಿಟ್ಟದ್ದು ಹೇಗಿತ್ತೆಂದರೆ, ಟೈರಿನ ಗಾಳಿ ಬಿಟ್ಟ ಹಾಗೆ, ಹೊಟ್ಟೆ ಕೂಡ ಒಂದು ಸೈಜು ಇಳಿಯಿತು. ಇಬ್ಬರೂ ಸ್ವಲ್ಪ ಹೊತ್ತು ತಬ್ಬಿಕೊಂಡು ನಿಂತರು.

ಮುಂದಿನದೆಲ್ಲ ಹಬ್ಬದ ಥರ ನಡೆಯಿತು. ಬಾಸ್ ಸ್ಟೇಜಿಗೆ ಬಂದು, ಮೈಕು ಹಿಡಿದು, ಕಣ್ಣೊರೆಸಿಕೊಂಡರು. “ಬಂಧುಗಳೇ! ವಿಧಿ ಅನ್ನೋ ವಿಲನ್ ನನ್ನ ಸೋಲಿಸಿದಾನೆ. ತಾಂತ್ರಿಕ ಕಾರಣಕ್ಕೆ ನನ್ ಕನಸಿನ ಸಿನಿಮಾ ಅಳಿಸಿಹೋಗಿದೆ. ಯಾರೂ ಅಳಬೇಡಿ.”

ಯಾರೂ ಅಳಲಿಲ್ಲ. ಮೊದಲ ಸಾಲಿನಲ್ಲಿ ಯಾರೋ “ಅಯ್ಯೋ” ಎಂದದ್ದು “ಅಬ್ಬ” ಎಂದ ಹಾಗೆ ಇತ್ತು. ಮೂರನೇ ಸಾಲಿನವರು ಆಗಲೇ ಚೀಲ ಎತ್ತಿಕೊಳ್ಳುತ್ತಿದ್ದರು. ಬಾಸ್ ಅವರ ತಾಯಿ ಗಾಲಿಕುರ್ಚಿಯಿಂದ ಗಟ್ಟಿಯಾಗಿ, “ಹೋಗ್ಲಿ ಬಿಡು ಮಗಾ. ಈ ಮಂಡಿ ಇಟ್ಕೊಂಡು ಅಷ್ಟು ಹೊತ್ತು ಕೂರೋದು ಹೆಂಗಪ್ಪಾ ಅಂತಿದ್ದೆ,” ಎಂದರು.

“ಆದ್ರೆ ಒಬ್ಬ ಹುಡುಗ,” ಬಾಸ್ ವಾರ್ನಿಂಗ್‌ನನ್ನು ಪಕ್ಕಕ್ಕೆ ಎಳೆದುಕೊಂಡರು, “ತಪ್ಪನ್ನ ಬಚ್ಚಿಡ್ದೆ ಬಂದು ಒಪ್ಪಿಕೊಂಡ. ಇಂಥ ಪ್ರಾಮಾಣಿಕ ಸಿಗೋದು ಅಪರೂಪ. ಇವತ್ತಿಂದ ಇವನು ಪರ್ಮನೆಂಟ್!”

ಚಪ್ಪಾಳೆಯಿಂದ ಹಾಲ್ ನಡುಗಿತು. ಎಲ್ಲರಿಗಿಂತ ಜೋರು ಕತ್ರಿಯದು. ಮೇಡಂ ಗುಲಾಬಿ ಎಸೆದರು. ವಾರ್ನಿಂಗ್ ಕಣ್ಣ ಮುಂದೆ ಮಹಡಿಯ ಮಂಚ ತೇಲಿಬಂತು. ಅದರ ಮೇಲೆ ಅವನು, ಎರಡೂ ಕಾಲು ಪೂರ್ತಿ ಚಾಚಿ.

ಆಗ ಹಿಂದಿನ ಗೋಡೆಯ ಕಿಂಡಿಯಿಂದ ಪ್ರೊಜೆಕ್ಟರ್ ಆಪರೇಟರ್ ತಲೆ ಹೊರಹಾಕಿದ. ಅವನಿಗೆ ಕೆಳಗೆ ನಡೆದದ್ದು ಯಾವುದೂ ಗೊತ್ತಿರಲಿಲ್ಲ. ಚಪ್ಪಾಳೆ ಮಾತ್ರ ಕೇಳಿಸಿತ್ತು.

“ಸಾರ್, ಪೆಟ್ಟಿಗೆ ಹಾಕಿದೀನಿ! ಸಿನಿಮಾ ಕಣ್ಣಿಗೆ ಒತ್ಕೊಳ್ಳೋ ಹಾಗಿದೆ, ಒಂದು ಗೀರೂ ಇಲ್ಲ! ಬಿಟ್ಬಿಡ್ಲಾ?”

ಅವನು ಉತ್ತರಕ್ಕೆ ಕಾಯಲಿಲ್ಲ. ದೀಪ ಆರಿತು. ಪರದೆಯ ಮೇಲೆ ಗುಡುಗು ಮಿಂಚಿನ ನಡುವೆ ಕತ್ರಿಯ ಹೆಸರು ದಪ್ಪ ಅಕ್ಷರದಲ್ಲಿ ಮೂಡಿತು. ಕತ್ತಲಲ್ಲಿ ಎಲ್ಲಿಂದಲೋ ಕತ್ರಿ ನರಳಿದ್ದು ಕೇಳಿಸಿತು. ಎತ್ತಿಕೊಂಡಿದ್ದ ಚೀಲಗಳು ಒಂದೊಂದಾಗಿ ಮತ್ತೆ ನೆಲಕ್ಕಿಳಿದವು.

ಬಾಸ್ ಮತ್ತು ವಾರ್ನಿಂಗ್ ಮೊದಲ ಸಾಲಿನ ಎರಡು ಖಾಲಿ ಸೀಟುಗಳಲ್ಲಿ ತಡವರಿಸಿ ಕೂತರು. ವಾರ್ನಿಂಗ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸಿನಿಮಾ ಇದೆ. ಅಳಿಸಿಲ್ಲ. ತಾನು ಕೊಲೆಗಾರನಲ್ಲ! ಸಂತೋಷ ತಡೆಯಲಾರದೆ ಬಾಸ್ ಕಿವಿಯ ಹತ್ತಿರ ಬಗ್ಗಿದ.

“ಸಾರ್! ಸಿನಿಮಾ ಉಳ್ಕೊಂಡಿದೆ ಸಾರ್!”

“ಪರ್ಮನೆಂಟ್ ಕ್ಯಾನ್ಸಲ್.”

“ಸಾರ್? ಸಿನಿಮಾಗೆ ಏನೂ ಆಗಿಲ್ವಲ್ಲ ಸಾರ್!”

“ಅದಕ್ಕೇ ಕ್ಯಾನ್ಸಲ್.”

ಪರದೆಯ ಮೇಲಿನ ಬಾಸ್ ಬೆಂಕಿಯ ಮಧ್ಯೆ ನಡೆದು ಬರುತ್ತಾ ಎದೆ ಸೆಟೆಸಿದಷ್ಟೂ ಪಕ್ಕದ ಬಾಸ್ ಸೀಟಿನಲ್ಲಿ ಕೆಳಕ್ಕೆ ಕೆಳಕ್ಕೆ ಜಾರುತ್ತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಆ ಆಕಳಿಕೆ ಸಾಲಿನಿಂದ ಸಾಲಿಗೆ ಹಬ್ಬಿತು. ಗಲ್ಲ ಮಾತ್ರ ಕಾಣುವಷ್ಟು ಜಾರಿದ ಮೇಲೆ ಬಾಸ್ ಮತ್ತೆ ಬಾಯಿಬಿಟ್ಟರು.

“ಕಸ ಹಂಗೇ ಇದೆ ಅಂದೆ. ಸಿನಿಮಾನೂ ಹಂಗೇ ಇದೆ. ಮತ್ತೆ ನೀನು ಅಳಿಸಿದ್ದು ಏನನ್ನೋ?”

ವಾರ್ನಿಂಗ್ ಲೆಕ್ಕ ಹಾಕಿದ. ಕಿತ್ತು ಹಾಕಿದಾಗ ದೊಡ್ಡ ಪೆಟ್ಟಿಗೆಗಳು ಮೈಮುರಿದು ಏಳುವಷ್ಟರಲ್ಲಿ ಚಟಕ್ಕನೆ ಎದ್ದು ಎಂಟು ಹದಿನಾರರ ಸೀಟು ಹಿಡಿದವನು ಯಾರು? ಎರಡು ಕಪ್ಪು ಪೆಟ್ಟಿಗೆಗಳ ಚಿಂತೆಯಲ್ಲಿ ತಾನು ತಿರುಗಿಯೂ ನೋಡದ ಮೂಲೆಯ ಪುಟ್ಟದು! ಅಳಿಸುವ ಕೆಲಸ ಅಷ್ಟು ಬೇಗ ಮುಗಿದದ್ದೂ ಅದಕ್ಕೇ.

“ನಂದೇ ಸಾರ್,” ಎಂದ ಸಣ್ಣ ದನಿಯಲ್ಲಿ. “ನನ್ ಪೆಟ್ಟಿಗೆ. ನಂಬರ್ ಕೊಟ್ರೆ ಹೆಸರು ಹೇಳೋ ಪ್ರೋಗ್ರಾಂ ಇದ್ದದ್ದೇ ಅದ್ರಲ್ಲಿ. ತನ್ನನ್ನ ತಾನೇ ಅಳಿಸ್ಕೊಂಡ್ಬಿಟ್ಟಿದೆ.”

“ಮತ್ತೆ ಬರೀತೀಯಾ?”

ಅಷ್ಟು ಕೇಳಿದ್ದೇ ತಡ, ವಾರ್ನಿಂಗ್ ಹಗುರಾದ. ಮತ್ತೆ ಬರೀತೀಯಾ ಎಂದು ಕೇಳುತ್ತಿದ್ದಾರೆ ಎಂದರೆ ಕೆಲಸದಿಂದ ತೆಗೆಯುವುದಿಲ್ಲ ಎಂದರ್ಥ! “ಬರೀತೀನಿ ಸಾರ್! ಎಲ್ಲಾ ತಲೇಲಿದೆ. ಈ ಸಲ ಪ್ರತಿ ಸಲಾನೂ ಹೊಸದಾಗಿ ಮನೆ ಮನೆ ಸುತ್ತಿ ಕೇಳೋ ಹಾಗೆ ಬರೀತೀನಿ. ತಪ್ಪು ಅನ್ನೋದೇ ಆಗಲ್ಲ!”

ಬಾಸ್ ಕತ್ತಲಲ್ಲಿ ಅವನ ಮಣಿಕಟ್ಟನ್ನು ಗಪ್ಪನೆ ಹಿಡಿದರು.

“ಏಯ್, ಹುಷಾರ್! ಆ ತಪ್ಪನ್ನ ಮಾತ್ರ ಮುಟ್ಟಬೇಡ, ಹೆಂಗಿತ್ತೋ ಹಂಗೇ ಇರ್ಲಿ. ಶುಕ್ರವಾರ ಊರಿಗೆಲ್ಲಾ ರಿಲೀಸು. ನಾಳೆ ಬೆಳಿಗ್ಗೇನೇ ಪ್ರೋಗ್ರಾಂ ರೆಡಿ ಆಗ್ಬೇಕು, ಮೇಕಪ್ ಆಂಟಿ ಮತ್ತೆ ಪ್ಲಗ್ ಕಿತ್ತು ಹಾಕ್ಬೇಕು, ನೀನು ಕಸ ಅಳಿಸೋಕೆ ಮತ್ತೆ ಹೊರಡ್ಬೇಕು. ಈ ಸಲನಾದ್ರೂ ಸಿನಿಮಾ ಹೋಯ್ತು ಅಂದ್ರೆ ನೀನು ಪರ್ಮನೆಂಟ್.”

“ಸಾರ್, ಯಾವ ಪೆಟ್ಟಿಗೆ ಮೊದಲು ಏಳುತ್ತೋ ಅದು ನನ್ ಕೈಲಿಲ್ಲ ಸಾರ್. ತಪ್ಪಿ ಸರಿಯಾಗಿಬಿಟ್ರೆ?”

ಪರದೆಯ ಮೇಲಿನ ಬಾಸ್ ಪಿಸ್ತೂಲು ಎತ್ತಿ ಗುರಿಯಿಟ್ಟರು. ಪಕ್ಕದ ಬಾಸ್ ಕಣ್ಣು ಮುಚ್ಚಿಕೊಂಡು ಹೇಳಿದರು:

“ಸೋಫಾ ಇದೆಯಲ್ಲಪ್ಪಾ ನಿಂಗೆ.”